ಡಿಲಿಸ್ ಬುಲ್ಖ್ ಏರಿದ ಬೇಸಿಗೆ

ನನ್ನ ಹೆಂಡತಿ ಡಿಲಿಸ್ ಆ ಕಾರು ಕೊಂಡದ್ದು ನನ್ನನ್ನು ಮದುವೆಯಾಗುವುದಕ್ಕೂ ಮೊದಲು. ಉಣ್ಣೆ ಗಿರಣಿಯಲ್ಲಿ ದುಡಿದು, ಅಪ್ಪನ ಮಾತು ಮೀರಿ ಕೊಂಡ ಎರಡೇ ಸೀಟಿನ ಹಸಿರು ಸ್ಪೋರ್ಟ್ಸ್ ಕಾರು ಅದು. ನನಗೆ ಕಾರು ಓಡಿಸಲು ಬರುವುದಿಲ್ಲ. ಅಂಚೆ ಹಂಚುವವನು ನಾನು, ಸೈಕಲ್ಲೇ ನನಗೆ ಸಾಕು. ಆದರೂ ಹಳೆಯ ಕಾರುಗಳ ಕ್ಲಬ್ಬಿನ ಗಂಡಸರು ವರ್ಷಗಟ್ಟಲೆ ನನ್ನನ್ನೇ ಕೇಳುತ್ತಿದ್ದರು: "ಇದ್ವಲ್, ಹೇಗಿದೆಯಪ್ಪಾ ನಿನ್ನ ಕಾರು?" "ಅವಳನ್ನ ಕೇಳಿ" ಎಂದು ನಾನು ಬಿಯರ್ ಲೋಟದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಈ ಸಂಗತಿ ನಡೆದದ್ದು ೧೯೭೬ರಲ್ಲಿ. ವೇಲ್ಸಿನಲ್ಲಿ ಮಳೆಯೇ ಬಾರದ ಬೇಸಿಗೆ ಅದು. ಕುಡಿಯುವ ನೀರಿಗೂ ಬೀದಿ ನಲ್ಲಿಯ ಮುಂದೆ ಬಕೆಟ್ ಹಿಡಿದು ನಿಲ್ಲುತ್ತಿದ್ದೆವು. ಅಂಥ ಸೆಕೆಯಲ್ಲೂ ಕ್ಲಬ್ಬಿನವರು ಜುಲೈ ತಿಂಗಳ ಓಟ ಬಿಡಲಿಲ್ಲ. ಓಟ ಬುಲ್ಖಿನ ಮೇಲೆ; ಬೆಟ್ಟಸಾಲನ್ನು ದಾಟುವ ಎತ್ತರದ ಕಣಿವೆದಾರಿಗೆ ನಮ್ಮವರು ಹಾಗೆನ್ನುತ್ತಾರೆ. ಅದರ ಏರು ಗೋಡೆ ಹತ್ತಿದ ಹಾಗೆ. ಹಿಂದಿನ ವರ್ಷ ಅರ್ಧ ಏರಿನಲ್ಲೇ ನಮ್ಮ ಕಾರಿನ ನೀರು ಕುದಿದು, ಹಬೆ ಎದ್ದು, ಹಿಂದಿದ್ದವರೆಲ್ಲ ಹಾರ್ನ್ ಒತ್ತುತ್ತಾ ನಿಂತಿದ್ದರು.

ಓಟಕ್ಕೆ ಇನ್ನೂ ಕೆಲವು ದಿನ ಇರುವಾಗ ಪಬ್ಬಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಕ್ಲೈವ್ ನಮ್ಮ ಮೇಜಿಗೆ ಬಂದ. ಇಂಗ್ಲೆಂಡಿನಿಂದ ಬಂದು ನೆಲೆಸಿದ ಎಸ್ಟೇಟ್ ಏಜೆಂಟ್. ಮೆತ್ತಗೆ ಮಾತಾಡುವವನು.

"ಡಿಲಿಸ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾರು ಸುಸ್ತಾಗಿದೆ. ಈ ಸಲ ನೀವು ವ್ಯಾನಿನಲ್ಲಿ ಸುತ್ತು ದಾರಿಯಿಂದ ಮೇಲೆ ಬನ್ನಿ. ಹೆಂಗಸರೆಲ್ಲ ಸೇರಿ ಸ್ಯಾಂಡ್‌ವಿಚ್ ತರ್ತಾರೆ."

"ಸ್ಯಾಂಡ್‌ವಿಚ್ ನೀವೇ ತನ್ನಿ" ಎಂದಳು ಡಿಲಿಸ್. "ಮೊಟ್ಟೆದು ಇರಲಿ. ನಾನು ಏರಿನ ಮೇಲೆ ಬಂದು ತಿಂತೀನಿ."

"ಹೋದ ವರ್ಷ ಆಗಿದ್ದು ಸಾಲದಾ?"

"ಹೋದ ವರ್ಷ ನಿಮ್ಮ ಮಾತು ಕೇಳಿದ್ದೆ. ಅದಕ್ಕೇ ಹಾಗಾಯ್ತು."

ಮಾತು ನಿಜ. ಇಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೋಗುವ ಬಾಯಲ್ಲಿ ಥರ್ಮೋಸ್ಟ್ಯಾಟ್ ಇರುತ್ತದೆ. ನೀರು ಸಾಕಷ್ಟು ಕಾದಾಗ ಮಾತ್ರ ತೆರೆದುಕೊಳ್ಳುವ ಪುಟ್ಟ ಬಾಗಿಲು ಅದು. "ಕಾರು ಕಾಯುತ್ತಾ? ಅದನ್ನ ಕಿತ್ತು ಬಿಸಾಕಿ" ಎಂದು ಕ್ಲಬ್ಬಿನವರೆಲ್ಲ ಹೇಳಿದ್ದರು. ಅವಳು ಕಿತ್ತಳು. ಕಾರು ಇನ್ನೂ ಬೇಗ ಕುದಿಯಿತು.

ಮರುದಿನ ಬೆಳಿಗ್ಗೆ ನಾನು ಅಂಚೆ ಹಂಚಿ ಬರುವಷ್ಟರಲ್ಲಿ ಅಡುಗೆಮನೆ ಹಬೆಯಿಂದ ತುಂಬಿತ್ತು. ಒಲೆಯ ಮೇಲೆ ನನ್ನ ಗಂಜಿಯ ಪಾತ್ರೆ, ಅದರೊಳಗೆ ಹೋದ ವರ್ಷ ಕಿತ್ತಿಟ್ಟಿದ್ದ ಥರ್ಮೋಸ್ಟ್ಯಾಟ್.

"ಊಟಕ್ಕೆ ಇದೇನಾ?" ಎಂದೆ.

"ಸುಮ್ನಿರು ಮಾರಾಯ. ನೋಡು, ಸರಿಯಾಗಿ ತೆರೀತಾ ಇದೆ. ಇದರಲ್ಲಿ ಏನೂ ಕೆಟ್ಟಿಲ್ಲ."

ಅದನ್ನು ಮತ್ತೆ ಜೋಡಿಸಿ ಹಳ್ಳಿಯ ಆಚೆ ದಿಬ್ಬದವರೆಗೆ ಹೋದೆವು. ಅಲ್ಲೇ ಕುದಿಯಿತು. ಡಿಲಿಸ್ ಇಳಿದು ಚಕ್ರಕ್ಕೆ ಜೋರಾಗಿ ಒದ್ದಳು. ಹೆಬ್ಬೆರಳು ಊದಿತು. ದಾರಿ ಬದಿಯ ಕಲ್ಲಿನ ಮೇಲೆ ಕೂತು ಕಾರನ್ನೇ ದುರುಗುಟ್ಟಿ ನೋಡಿದಳು. ಮಾರಿಬಿಡೋಣವೇ ಎಂದು ನಾನು ಕೇಳಬಾರದಿತ್ತು; ಕೇಳಿಬಿಟ್ಟೆ.

"ನಿನ್ನನ್ನ ಮಾರ್ತೀನಿ ಮೊದಲು" ಎಂದಳು.

ಮನೆಗೆ ಬಂದವಳೇ ಷೆಡ್ಡೆಲ್ಲ ತಲೆಕೆಳಗು ಮಾಡಿ, ಕಾರಿನ ಜೊತೆಗೇ ಬಂದಿದ್ದ ಹಳೆಯ ಥರ್ಮೋಸ್ಟ್ಯಾಟನ್ನು ಹುಡುಕಿದಳು. ಅದು ಎಂದೋ ಕೆಟ್ಟು, ಅದರ ಬದಲಿಗೆ ಕೊಂಡದ್ದೇ ಈಗಿನದು. ಕಾರಿನಲ್ಲಿದ್ದದ್ದನ್ನೂ ಬಿಚ್ಚಿ ತಂದು, ಎರಡನ್ನೂ ಮೇಜಿನ ಮೇಲೆ ಇಟ್ಟು ನೋಡುತ್ತಿದ್ದವಳು ಒಮ್ಮೆಲೇ ನನ್ನ ತೋಳು ಹಿಡಿದಳು.

"ಹಳೇದಕ್ಕೆ ಲಂಗ ಇದೆ, ನೋಡಿದ್ಯಾ? ಹೊಸದಕ್ಕಿಲ್ಲ."

ಹಳೆಯದರ ಕೆಳಗೆ ತಗಡಿನ ಬಳೆಯಂಥದ್ದೊಂದು ಇತ್ತು. ಬಾಗಿಲು ತೆರೆದಾಗ ಆ ಬಳೆ ಮೇಲೆ ಸರಿದು, ಥರ್ಮೋಸ್ಟ್ಯಾಟ್ ಕೂರುವ ಗೂಡಿನ ಪಕ್ಕದ ಒಂದು ತೂತನ್ನು ಮುಚ್ಚುತ್ತಿತ್ತು. ಹೊಸದನ್ನು ಹಾಕಿದಾಗ ಆ ತೂತು ಸದಾ ತೆರೆದೇ ಇರುತ್ತಿತ್ತು. ಬಿಸಿನೀರು ರೇಡಿಯೇಟರಿಗೆ ಹೋಗಿ ತಣಿಯುವ ಬದಲು ಅಡ್ಡದಾರಿ ಹಿಡಿದು ಮತ್ತೆ ಇಂಜಿನ್ನಿಗೇ ನುಗ್ಗುತ್ತಿತ್ತು. ಥರ್ಮೋಸ್ಟ್ಯಾಟನ್ನು ಕಿತ್ತರೂ ಆ ತೂತು ತೆರೆದೇ ಇತ್ತಲ್ಲ.

ಬಳೆಯಿದ್ದದ್ದು ಎಲ್ಲೂ ಸಿಗಲಿಲ್ಲ. ಡಿಲಿಸ್ ನನ್ನ ಡ್ರಾಯರಿನಿಂದ ಚಲಾವಣೆ ನಿಂತ ಅರ್ಧ ಪೆನ್ನಿಯೊಂದನ್ನು ತೆಗೆದು ನಡುವೆ ಸಣ್ಣ ರಂಧ್ರ ಕೊರೆದಳು. ಆ ಅಡ್ಡದಾರಿಯ ರಬ್ಬರ್ ಕೊಳವೆಯೊಳಗೆ ಅದನ್ನು ತುರುಕಿ, ಹೊರಗಿನಿಂದ ಪಟ್ಟಿ ಬಿಗಿದಳು.

"ಪೂರ್ತಿ ಮುಚ್ಚೋದಲ್ವಾ?"

"ಬೆಳಿಗ್ಗೆ ತಣ್ಣಗಿರೋವಾಗ ಒಂದಿಷ್ಟು ನೀರು ಓಡಾಡ್ಬೇಕು. ಅಷ್ಟು ಸಾಕು. ಮಿಕ್ಕಿದ್ದೆಲ್ಲ ಮುಂದೆ ಹೋಗಿ ಗಾಳಿ ತಗೊಳ್ಳಲಿ."

ಓಟದ ದಿನ ಕರೆಯದಿದ್ದರೂ ಹೋದೆವು. ಏರಿನ ಬುಡದಲ್ಲಿ ಕ್ಲೈವ್ ಕೈ ಅಡ್ಡ ಹಿಡಿದ.

"ಡಿಲಿಸ್, ನಾವು ಮಾತಾಡಿದ್ವಲ್ಲ."

"ಮಾತಾಡಿದ್ದು ನೀವು. ಇದು ಕ್ಲಬ್ಬಿನ ರಸ್ತೆನೋ, ಊರಿನ ರಸ್ತೆನೋ?"

"ರಸ್ತೆ ಎಲ್ಲರದೂ, ಆದರೆ..."

"ಹಾಗಾದ್ರೆ ಕೈ ತೆಗೀರಿ. ಊದಿರೋ ಹೆಬ್ಬೆರಳಲ್ಲಿ ಬ್ರೇಕ್ ಜಾಸ್ತಿ ಹೊತ್ತು ಒತ್ತೋಕಾಗಲ್ಲ ನನಗೆ."

ಅವನು ಕೈ ತೆಗೆದ. ಎಲ್ಲರೂ ಹೋದ ಮೇಲೆ ಕೊನೆಯವರಾಗಿ ಹೊರಟೆವು. ಹುಲ್ಲೆಲ್ಲ ಒಣಗಿ ಬೆಟ್ಟ ಒಣರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ವರ್ಷ ನಿಂತುಹೋದ ತಿರುವನ್ನು ದಾಟಿದಾಗ ನೀರಿನ ಬಿಸಿ ತೋರಿಸುವ ಮುಳ್ಳು ಇನ್ನೂ ನಡುವೆಯೇ ಇತ್ತು. ಗೆದ್ದೆವೆಂದು ನಾನು ಹಾಡಲು ಬಾಯಿ ತೆರೆದೆ. "ಈಗ್ಲೇ ಬೇಡ" ಎಂದಳು.

ಸರಿಯಾಗಿಯೇ ಹೇಳಿದ್ದಳು. ಮುಂದಿನ ತಿರುವಿನಲ್ಲಿ ಕುರಿಮಂದೆ ರಸ್ತೆ ತುಂಬ ನಿಂತಿತ್ತು. ನಿಂತ ಕಾರಿಗೆ ಗಾಳಿ ಎಲ್ಲಿಂದ ಬರಬೇಕು? ಮುಳ್ಳು ಮೆಲ್ಲಗೆ ಕೆಂಪು ಗೆರೆಯತ್ತ ಸರಿಯಿತು. ಇಳಿದು ಕುರಿಗಳನ್ನು ಅಟ್ಟಿ ನಾನು ಮತ್ತೆ ಹತ್ತುವಷ್ಟರಲ್ಲಿ ಅದು ಗೆರೆಯನ್ನು ಮುಟ್ಟಿತ್ತು. ಏರಿನ ತುದಿ ಕಾಣುತ್ತಿತ್ತು.

"ನಿಲ್ಲಿಸೋಣ ಡಿಲಿಸ್. ಇಂಜಿನ್ ಹೋಗುತ್ತೆ."

ಅವಳು ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಚಳಿಗಾಲಕ್ಕೆಂದು ಇದ್ದ ಹೀಟರ್ ಅದು. ಇಂಜಿನ್ನಿನ ಬಿಸಿಯೆಲ್ಲ ನಮ್ಮ ಕಾಲಿಗೆ ನುಗ್ಗಿತು.

"ನಮ್ಮನ್ನ ಸುಡ್ತೀಯಾ?"

"ಇಂಜಿನ್ ಸುಡೋದಕ್ಕಿಂತ ನಾವು ಸುಡೋದು ವಾಸಿ. ಕಾಲು ಎತ್ಕೋ."

ಶೂ ಕಳಚಿ ಕಾಲೆರಡನ್ನೂ ತೆರೆದ ಕಾರಿನ ಬಾಗಿಲ ಮೇಲಿಂದ ಹೊರಗೆ ಚಾಚಿದೆ. ಅವಳಿಗೆ ಹಾಗೆ ಮಾಡುವಂತಿರಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ, ಮುಖದಿಂದ ಬೆವರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಓಡಿಸಿದಳು. ಮುಳ್ಳು ನಡುಗಿತು, ನಿಂತಿತು, ಒಂದು ಕೂದಲೆಳೆಯಷ್ಟು ಹಿಂದೆ ಸರಿಯಿತು. ನನ್ನ ಅಂಚೆ ಸಮವಸ್ತ್ರದ ಕಾಲ್ಚೀಲ ಗಾಳಿಯಲ್ಲಿ ಬಡಿದಾಡುತ್ತಿರುವಂತೆಯೇ ನಾವು ಬುಲ್ಖಿನ ತುದಿ ಮುಟ್ಟಿದೆವು.

ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ಯಾಂಡ್‌ವಿಚ್ ಹಿಡಿದವರೆಲ್ಲ ತಿರುಗಿ ನೋಡಿದರು. ಕ್ಲೈವನ ಕಾರು ಯಾವ ತೊಂದರೆಯೂ ಇಲ್ಲದೆ ಏರಿತ್ತು. ಅವನು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎದ್ದು ಬಂದ.

"ಒಪ್ಕೋತೀನಿ, ಏರಿದ್ರಿ. ಈ ಸಲವೂ ಥರ್ಮೋಸ್ಟ್ಯಾಟ್ ಕಿತ್ತೇ ಬಂದ್ರಿ ತಾನೆ?"

"ಇಲ್ಲ. ಅಲ್ಲೇ ಇದೆ."

"ನಾನು ನಂಬಲ್ಲ."

"ನಂಬಬೇಡಿ. ಕಾರು ನಂಬಿದೆ."

ಅವನ ಮುಖ ಬಿಗಿಯಿತು. ಕ್ಲಬ್ಬಿನ ಶಿಸ್ತು ಮೀರಿದವರು ಕ್ಲಬ್ಬಿನಲ್ಲಿ ಉಳಿಯುವುದು ಕಷ್ಟವಾಗಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡಿಲಿಸ್ ಕಾರಿನ ಹಿಂಬದಿಯಿಂದ ಸ್ಪ್ಯಾನರ್ ತೆಗೆದು, ಮುಂದಿನ ಜಾಲರಿಗೆ ಬಿಗಿದಿದ್ದ ಕ್ಲಬ್ಬಿನ ಬಿಲ್ಲೆಯನ್ನು ಬಿಚ್ಚಿದಳು. ತಟ್ಟೆಯಷ್ಟು ಅಗಲದ್ದು, ಇನ್ನೂ ಕಾದಿತ್ತು. ಅದನ್ನು ತನ್ನ ಕರವಸ್ತ್ರದಲ್ಲಿ ಸುತ್ತಿ ಕ್ಲೈವನ ಕೈಗಿಟ್ಟಳು.

"ತಗೊಳ್ಳಿ. ರೇಡಿಯೇಟರಿಗೆ ಬರೋ ಗಾಳಿಗೆ ಅಡ್ಡ ಆಗ್ತಿತ್ತು."

ಮೇಜಿನಿಂದ ಎರಡು ಮೊಟ್ಟೆ ಸ್ಯಾಂಡ್‌ವಿಚ್ ಎತ್ತಿಕೊಂಡು ಬಂದು, ಒಂದನ್ನು ನನ್ನ ತೊಡೆಯ ಮೇಲಿಟ್ಟಳು. ಬುಲ್ಖಿನ ಆಚೆ ಬದಿಯ ಇಳಿಜಾರು ನೇರ ಸಮುದ್ರದ ಕಡೆಗೆ ಹೋಗುತ್ತದೆ.

"ಈಗ ಹಾಡು" ಎಂದು ಗೇರು ಹಾಕಿದಳು.