ಗುಡಿ ಕಂಡಾಗ ಬಿಟ್ಟ ಮೆಟ್ಟು

ಪೊರಕೆಯ ತುದಿ ಎಡಗಾಲಿನ ಮೆಟ್ಟನ್ನು ಒಂದು ಗೇಣು ಆಚೆಗೆ ತಳ್ಳಿತು, ಬಂಗಲೆಯ ಜವಾನ ಪುಟ್ಟಮಾದಯ್ಯ ಮೆಟ್ಟಿಲು ಗುಡಿಸುತ್ತ ಅದನ್ನು ನೋಡಿದನೋ ನೋಡಲಿಲ್ಲವೋ, ನೋಡಿದರೆ ತಾನೇ ಏನು, ಎಲ್ಲರ ಮೆಟ್ಟೂ ಮೆಟ್ಟೇ, ಆದರೂ ಮರಿಮಲ್ಲಪ್ಪ ಜಗಲಿಯ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಊರಿಗೆ ಪಟೇಲನಾಗಿ ಕೊನೆಗೆ ಈ ಬಾಳು ಬಂತು. ಇವತ್ತು ಇದನ್ನೇ ಮೆಟ್ಟಿಕೊಂಡು ಗುಂಡ್ಲುಪೇಟೆಗೆ ಬರಬಾರದಿತ್ತು, ಹೊಸ ಜೋಡು ಮನೆಯಲ್ಲೇ ಇತ್ತು, ಆದರೆ ಹಳೆಯದನ್ನು ಬಿಟ್ಟು ಬಂದರೆ ಹೆಂಡತಿ ಶಿವರುದ್ರಮ್ಮ ಎತ್ತಿಡಲು ಹೋಗಿ ತಿರುಗಿಸಿ ನೋಡುತ್ತಾಳೆ, ಅಟ್ಟೆಯ ಮೇಲೆ ಅಡ್ಡಡ್ಡ ಕುಳಿ ಬಿದ್ದಿದೆ, ಎರಡು ಬೆರಳಗಲ, ಕಬ್ಬಿಣ ಕಚ್ಚಿದ್ದು. ಮಣ್ಣು ಮೆತ್ತಿ ಮುಚ್ಚಿದ್ದ, ಮಣ್ಣು ಒಣಗಿ ಉದುರುತ್ತಿದೆ. ಒಳಗೆ ಟೈಪು ಯಂತ್ರ ಟಕಟಕ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಟಕಟಕ, ಹೆಲಿಕಾಪ್ಟರು ಯಾಕೆ ಬಿತ್ತು ಅಂತ ವಿಚಾರಿಸಿ ಬರೆದುಕೊಂಡು ಹೋಗಲು ಬೊಂಬಾಯಿಂದ ಸಾಹೇಬನೊಬ್ಬ ಬಂದು ಕೂತಿದ್ದಾನೆ, ಈಗ ಪೈಲಟ್ ಕುರುವಿಳನ ಸರದಿ, ಆಮೇಲೆ ಇವನದು. ಕಂದು ಬೂಟು ಒತ್ತುತ್ತಿದೆ, ಪೆಡಲು ಹೋಗುತ್ತಿಲ್ಲ. ಬೇಡ, ಈಗ ಅದು ಬೇಡ.

ಎಂಟು ದಿನ ಆಯಿತು, ಎಂಟೋ ಒಂಬತ್ತೋ, ಸೋಮವಾರ ಅಂದರೆ ಎಂಟು. ಸರ್ವೆ ಗೋವಿಂದಯ್ಯ ಮನೆ ಬಾಗಿಲಿಗೇ ಬಂದು ಕರೆದಿದ್ದ, ಯಜಮಾನ್ರೆ, ಬೆಟ್ಟದ ಸಾಲಿನ ನಕ್ಷೆ ಬರೀಬೇಕು, ಯಾವ ಹಳ್ಳ ಎಲ್ಲಿ ಹುಟ್ತದೆ, ಎಲ್ಲೆಕಲ್ಲು ಎಲ್ಲಿವೆ, ನಿಮ್ಮಷ್ಟು ಬಲ್ಲೋರು ಬೇಗೂರಿಂದ ಬಂಡೀಪುರದ ತನಕ ಯಾರವರೆ. ಹೌದಲ್ಲ, ಯಾರಿದ್ದಾರೆ ಅಂತ ಇವನೂ ಉಬ್ಬಿದ, ಸುಳ್ಳು ಯಾಕೆ ಹೇಳಬೇಕು, ಊರಿಗೆ ಊರೇ ಬಯಲಲ್ಲಿ ನೆರೆದಿತ್ತು, ತಿರುಗಣಿ ಇಮಾನ ನೋಡೋಕೆ ಹಾಲು ಕರೆಯುವುದನ್ನೂ ಬಿಟ್ಟು ಬಂದಿದ್ದರು, ಅವರ ಕಣ್ಣೆದುರಿಗೆ ರುಮಾಲು ಬಿಗಿದುಕೊಂಡು ಆ ಗಾಜಿನ ಬುರುಡೆಯೊಳಗೆ ಹತ್ತಿ ಕೂತ. ಪಕ್ಕದಲ್ಲಿ ಕುರುವಿಳ, ಮೀಸೆ ಚಿಗುರಿದ ಹುಡುಗ, ಮಲಯಾಳದವನು, ಕಲಿತಷ್ಟು ಕನ್ನಡವನ್ನು ಪುಟ್ಟ ಮಗುವಿನ ಹಾಗೆ ಒಂದೊಂದೇ ಮಾತಾಗಿ ಆಡುತ್ತಾನೆ. ಅವನ ಮುಂದೊಂದು ಕೋಲು, ಇವನ ಮುಂದೂ ಒಂದು ಕೋಲು, ಅವನ ಕಾಲ ಬಳಿ ಎರಡು ಪೆಡಲು, ಇವನ ಕಾಲ ಬಳಿಯೂ ಎರಡು, ಅವನು ತುಳಿದರೆ ಇವನ ಕಡೆಯದೂ ತಾನೇ ತಾನಾಗಿ ಏರಿಳಿಯುತ್ತಿತ್ತು, ಮಗ್ಗದ ಕಾಲುಹಲಗೆಯಂತೆ, ನೋಡಿದರೆ ಮೈ ಜುಮ್ ಅಂತಿತ್ತು. ಕೈ ತೊಡೆ ಮೇಲೆ, ಕೋಲು ಮುಟ್ಟಬಾರದು ಅಂದ. ಮುಟ್ಟಲಿಲ್ಲ. ಅಪ್ಪನ ಆಣೆ, ಮುಟ್ಟಲಿಲ್ಲ. ಕೈ ವಿಷಯ ಹೇಳಿದ, ಕಾಲಿನ ವಿಷಯ ಯಾರೂ ಹೇಳಲಿಲ್ಲ, ಸಾಹೇಬನ ಮುಂದೆ ಇದೊಂದು ಮಾತು ಹೇಳಿದರೆ ಸಾಕಲ್ಲ, ಯಾರೂ ಹೇಳಲಿಲ್ಲ ಸ್ವಾಮಿ, ಹಳ್ಳಿಯವನಿಗೆ ಏನು ಗೊತ್ತು.

ಹಳ್ಳ ತೋರಿಸಿದ, ಕಲ್ಲು ತೋರಿಸಿದ, ಬೆಟ್ಟದ ಪಕ್ಕದ ಹುರುಳಿ ಹೊಲದಲ್ಲಿ ಇಳಿಯಬೇಕು ಅಂತ ಕುರುವಿಳ ಬಳಸಿಕೊಂಡು ತಗ್ಗಿಸುತ್ತಿದ್ದ, ಆಗ ಕಂಡಿತು ಕಲ್ಲುಮಲ್ಲಪ್ಪನ ಗುಡಿ, ಮನೆದೇವರು, ಎಲ್ಲರ ಬಾಯಲ್ಲೂ ಅಪ್ಪ, ಗೋಪುರ ಕಾಲ ಕೆಳಗೆ. ಕೆಳಗೆ. ಹುಟ್ಟಿದಾಗಿನಿಂದ ಕತ್ತೆತ್ತಿ ನೋಡಿದ ಗೋಪುರ. ಹೊಂಗೆಮರದ ತಿರುವಿನಲ್ಲಿ ಅದರ ತುದಿ ಕಂಡರೆ ಸಾಕು, ಗಾಡಿಯಲ್ಲಿ ಕೂತಿದ್ದರೂ ಅಜ್ಜಿ ಪುಟ್ಟಬಸಮ್ಮ ತೊಡೆ ತಿವಿಯುತ್ತಿದ್ದಳು, ಮೆಟ್ಟು ಬುಡ್ಲಾ ಮಗ, ಅಪ್ಪ ನೋಡ್ತಾವ್ನೆ. ಗಾಡಿ ಹೊಡೆಯುವವನೂ ಬಿಡುತ್ತಿದ್ದ, ಬಸ್ಸಲ್ಲಿ ಹೋದರೂ ಇವನ ಮನೆತನದವರು ಸೀಟಿನಲ್ಲಿ ಕೂತೇ ಬಿಡುತ್ತಾರೆ, ಐವತ್ತೆರಡು ವರ್ಷದ ಕಾಲು, ಯಾರು ಹೇಳಬೇಕು ಅದಕ್ಕೆ, ತಲೆಯನ್ನು ಕೇಳಿಯೇ ಇಲ್ಲ. ದೇವರ ನೆತ್ತಿಯ ಮೇಲೆ ಕೂತದ್ದೇ ಪಾಪ, ಮೆಟ್ಟೂ ಹಾಕಿಕೊಂಡು ಕೂರುವುದೇ, ಬಿಟ್ಟ, ಕೈಮುಗಿದ, ಮುಗಿದ ಕೈಯ ಹತ್ತಿರ ಮೆಟ್ಟು ಇರಬಾರದಲ್ಲ, ಹೆಬ್ಬೆರಳಿನಿಂದ ಎರಡನ್ನೂ ಮುಂದಕ್ಕೆ ನೂಕಿದ, ಎಷ್ಟು ದೂರ ಹೋದರೆ ಅಷ್ಟು ಮೇಲು ಅಂತ ನೂಕಿದ. ಆಮೇಲೆ ಗಾಜಿನಾಚೆ ಹೊಲ ತಿರುಗತೊಡಗಿತು. ಹೊಲ, ಬೆಟ್ಟ, ಗುಡಿ, ಹೊಲ, ಬೆಟ್ಟ, ಗುಡಿ, ಕುರುವಿಳ ಏನೋ ಕೂಗಿದ, ಅವನ ಭಾಷೆ, ಇವನು ತಲೆ ತಗ್ಗಿಸಿದಾಗ ಕಂಡದ್ದು ಅದೊಂದೇ, ಹುಡುಗನ ಎಡಗಾಲು, ಕಂದು ಬೂಟು ಒತ್ತುತ್ತಿದೆ, ಮಂಡಿಯೆಲ್ಲ ನಡುಗುವ ಹಾಗೆ ಒತ್ತುತ್ತಿದೆ, ಪೆಡಲು ಹೋಗುತ್ತಿಲ್ಲ.

ತೆಂಗಿನಮರದೆತ್ತರದಿಂದ ಬಿದ್ದದ್ದು. ಇವನಿಗೆ ಮೊಣಕೈ ತರಚಿತು, ಅಷ್ಟೇ, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಹುಡುಗನ ಬಲಗಾಲು ಬಗ್ಗಬಾರದ ಕಡೆಗೆ ಬಗ್ಗಿತ್ತು, ಪೆಟ್ರೋಲಿನ ವಾಸನೆ, ಓಡಬೇಕು, ಗಾಡಿ ತರಬೇಕು, ಬೇಲಿಸಾಲಿನ ತುಂಬ ಜಾಲಿಮುಳ್ಳು — ಮೆಟ್ಟೆಲ್ಲಿ. ಅದನ್ನೇ ಕೇಳಿತು ಬುದ್ಧಿ, ಮೆಟ್ಟೆಲ್ಲಿ. ಬಲಗಾಲಿನದು ಬಾಗಿಲ ಹತ್ತಿರ ಸಿಕ್ಕಿತು, ಎಡಗಾಲಿನದು ಇವನ ಕಡೆಯ ಎಡಪೆಡಲಿನ ಅಡಿ, ಎಳೆದರೆ ಬರಲಿಲ್ಲ, ಎರಡು ಸಲ ಜಗ್ಗಬೇಕಾಯಿತು, ಬಂತು, ಮೆಟ್ಟಿಕೊಂಡು ಓಡಿದ. ಎರಡು ಸಲ. ಕೈಗೆ ಆಗಲೇ ಗೊತ್ತಾಗಿತ್ತು, ಬಾಯಿಗೆ ಇನ್ನೂ ಗೊತ್ತಾಗಿಲ್ಲ. ಬಾಯಿ ಆಡಿದ್ದೇ ಬೇರೆ, ಸಂಜೆ ಊರವರ ನಡುವೆ ಕೂತು, ಗುಡಿ ಕಂಡೇಟ್ಗೆ ಮೆಟ್ಟು ಬುಟ್ಟೆ ಕಣ್ರಪ್ಪ, ಅಪ್ಪ ಕಾಪಾಡ್ದ, ಅಂತ ತಾನಾಗಿ ಹೇಳಿಬಿಟ್ಟ, ಹೇಳುವಾಗ ಸುಖವಾಗಿತ್ತು, ನಾಚಿಕೆ ಬಿಟ್ಟು ಹೇಳುವುದಾದರೆ ಬಹಳ ಸುಖವಾಗಿತ್ತು. ಕೇಳುತ್ತ ಕೂತಿದ್ದ ಮೂಗಯ್ಯ ಅದನ್ನೇ ಹಿಡಿದು ಬೇಗೂರಿನ ಅಂಗಡಿ ಅಂಗಡಿಗೂ ಹಂಚಿದ, ನೋಡ್ಲಾ, ಪಟೇಲ್ರು ಮೆಟ್ಟು ಬುಟ್ರು, ಮೈಮೇಲೆ ಒಂದು ಗಾಯ ಇಲ್ಲ, ಅವನು ಬೂಟ್ ಹಾಕ್ಕಂಡೇ ಸ್ವಾಮಿ ನೆತ್ತಿ ಮ್ಯಾಲೆ ಹೋದ, ಅಪ್ಪ ಅವನ ಕಾಲ್ನೇ ಮುರ್ದಾಕ್ಬುಟ್ಟ. ಈಗ ಬಸ್ಸಿನವರೂ ಹೇಳುತ್ತಾರೆ. ಶಿವರುದ್ರಮ್ಮ ಬೆನ್ನಿಗೆ ಬಿಸಿನೀರು ಹುಯ್ಯುತ್ತ, ಸೋಮವಾರ ಅಭಿಷೇಕ ಮಾಡ್ಸನ, ಅಪ್ಪ ನನ್ನ ತಾಳಿ ಉಳಿಸ್ದ ಅಂದಳು, ಅವಳಿಗಾದರೂ ಹೇಳಬೇಕೆಂದು, ಶಿವರುದ್ರಿ ಅಂದ, ಏನೂಂದ್ರೆ ಅಂದಳು, ಇನ್ನೊಂದು ಚೊಂಬು ಹುಯ್ಯಿ ಅಂದ.

ಗೋವಿಂದಯ್ಯ ಈಗ ತಾನೇ ಹೊರಗೆ ಬಂದು ಬೀಡಿ ಹಚ್ಚಿ, ದನಿ ತಗ್ಗಿಸಿ ಹೇಳಿ ಹೋದ, ಪಾಪ ಆ ಹುಡುಗ ಒಂದೇ ಮಾತು ಹೇಳ್ತಾನೆ, ತಿರುಗೋದು ನಿಲ್ಲಲಿ ಅಂತ ಎಡಗಡೆ ಪೆಡಲು ಒತ್ತಿದೆ, ಹೋಗಲಿಲ್ಲ, ಅಂತ. ಬೊಂಬಾಯಿ ಸಾಹೇಬ್ರು ಆಮೇಲೆ ನೋಡಿದಾರೆ, ಪೆಡಲು ಸಲೀಸಾಗಿ ಹೋಗ್ತದೆ, ಅಡ್ಡ ಏನೂ ಇಲ್ಲ, ಹೆದರಿ ಬಲಗಾಲು ಒತ್ತಿರ್ತಾನೆ ಅಂತಾರೆ. ಒತ್ತಿದ್ದು ಕಂಡೋರು ಒಬ್ಬರಿದ್ರೆ ಬದುಕ್ಕೊತಾನೆ, ಇಲ್ಲಾಂದ್ರೆ ಲೈಸನ್ಸ್ ಕಿತ್ಕೋತಾರೆ, ಇನ್ನು ಹಾರೋ ಹಂಗಿಲ್ಲ, ನೀವು ಕಂಡಷ್ಟು ಹೇಳಿ ಯಜಮಾನ್ರೆ. ಕಂಡಷ್ಟು. ಒತ್ತಿದ್ದು ಕಂಡೆ ಅಂದರೆ ಯಾಕೆ ಹೋಗಲಿಲ್ಲ ಅಂತಾನೆ ಸಾಹೇಬ, ಯಾಕೆ ಅಂದರೆ ಮೆಟ್ಟು, ಮೆಟ್ಟು ಅಂದರೆ ಜೈಲೋ ಏನೋ, ಜೈಲಾದರೂ ಆಗಲಿ, ಅಪ್ಪನ ಹೆಸರು ಹೋಗುತ್ತದೆ, ಭಕ್ತಿಯಿಂದ ಬಿಟ್ಟ ಮೆಟ್ಟೇ ಇಮಾನ ಕೆಡವಿತು ಅಂತ ಅದೇ ಮೂಗಯ್ಯ ಅದೇ ಅಂಗಡಿಗಳಲ್ಲಿ ನಗುತ್ತಾನೆ. ಅಪ್ಪನ ಹೆಸರೋ, ನಿನ್ನ ಹೆಸರೋ, ಮರಿಮಲ್ಲಪ್ಪ. ಯಾರೂ ಹೇಳಲಿಲ್ಲವಲ್ಲ, ಕಾಲಿನ ವಿಷಯ, ಕೈ ತೊಡೆ ಮೇಲೆ ಅಂದ ಕುರುವಿಳ, ಕೋಲು ಮುಟ್ಟಬಾರದು ಅಂದ, ಅಂದು ಬಗ್ಗಿದ — ಯಾಕೆ ಬಗ್ಗಿದ — ಬಗ್ಗಿ ಇವನ ಮೊಣಕಾಲನ್ನು ಎರಡು ಬೆರಳಿಂದ ತಟ್ಟಿದ, ಹಿಮ್ಮಡಿಯನ್ನು ಸೀಟಿನ ಕಡೆಗೆ ಸರಿಸಿಟ್ಟ, ಕಾಲು ಇಲ್ಲಿ, ಅಲ್ಲಾಡಬಾರದು, ಚಪ್ಪಲಿ ಗಟ್ಟಿ ಇದೆಯಾ, ಅಂದ. ಅಂದಿದ್ದ. ಇವನು ಬಯಲಿನ ಜನರ ಕಡೆ ಕೈ ಬೀಸುತ್ತ ಇದೆ ಇದೆ ಅಂದಿದ್ದ.

ಬರಬೇಕಂತೆ ಅಂದ ಪುಟ್ಟಮಾದಯ್ಯ. ಒಳಗೆ ನೆಲ ತಣ್ಣಗಿದೆ, ಫಿನಾಯಿಲ್ ವಾಸನೆ, ಸಾಹೇಬನ ಬೋಳುತಲೆ, ಆ ಕಡೆ ಕುರ್ಚಿಯಲ್ಲಿ ಕುರುವಿಳ, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದಾನೆ. ಯಜಮಾನರೇ, ಕೈ ನೋವು ಹೋಯಿತಾ, ಅಂದ. ಅಂದು ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ, ಗೋವಿಂದಯ್ಯ ಅದನ್ನು ಕನ್ನಡಕ್ಕೆ ತಂದ, ನೀವು ಮುಳ್ಳಲ್ಲಿ ಓಡಿ ಗಾಡಿ ತಂದಿದ್ದಕ್ಕೆ ಜೀವ ಉಳೀತು ಅಂತಿದಾರೆ. ಸಾಹೇಬ ಮೆಚ್ಚಿ ತಲೆದೂಗಿದ. ಆಮೇಲೆ ಪ್ರಶ್ನೆ, ಅದನ್ನೂ ಗೋವಿಂದಯ್ಯನೇ ಕೇಳಿದ, ಒಂದೊಂದೇ ಮಾತು ಬಿಡಿಸಿ, ಪೈಲಟ್ ಸಾಹೇಬ್ರು ಎಡಗಾಲು ಒತ್ತಿದ್ದು ನೀವು ಕಣ್ಣಾರೆ ಕಂಡ್ರಾ. ಟೈಪು ಯಂತ್ರ ಕಾಯುತ್ತಿದೆ. ಕುರುವಿಳ ನೋಡುತ್ತಿದ್ದಾನೆ, ನಂಬಿಕೊಂಡು ನೋಡುತ್ತಿದ್ದಾನೆ. ಹೇಳು, ಕಂಡೆ ಅನ್ನು, ಎರಡಕ್ಷರ. ನಾಲಿಗೆ ಏಳುತ್ತದೆ, ನಾ ಕಾಣ್ನಿಲ್ಲ ಸ್ವಾಮಿ, ಅಪ್ಪನ ಗುಡಿ ನೋಡ್ಕಂಡು ಕೈಮುಗೀತಿದ್ದೆ, ಅನ್ನುತ್ತದೆ. ಗೋವಿಂದಯ್ಯ ಅದನ್ನು ಇಂಗ್ಲಿಷಿಗೆ ತಂದ, ಟಕಟಕ, ಮುಗಿಯಿತು, ಕಾಗದ ತಿರುಗಿಸಿ ಇಟ್ಟರು, ಇಲ್ಲಿ ರುಜು. ಕುರುವಿಳ ಸಿಟ್ಟಾಗಲಿಲ್ಲ, ಹೌದು, ಪ್ರಾರ್ಥನೆ ಮಾಡ್ತಿದ್ದರು, ನನಗೂ ನೆನಪಿದೆ, ಅಂದ. ಇವನು ಲೇಖನಿ ಹಿಡಿದ, ಮ ಬರೆದ, ರಿ ಬರೆದ, ಕಂದು ಬೂಟು ಒತ್ತುತ್ತಿದೆ, ಮುಂದಿನ ಅಕ್ಷರ ಯಾವುದು, ಒತ್ತುತ್ತಿದೆ, ಪೆಡಲು ಹೋಗುತ್ತಿಲ್ಲ, ಒತ್ತುತ್ತಿದೆ, ಹೋಗುತ್ತಿಲ್ಲ, ಒತ್ತುತ್ತಿದೆ