ಹರಿತ ಸಾಮಾನು

"ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಪ್ರಾಣಿ ಸಾರ್ ಇದು. ತಲೆ ತುಂಬ ಬರೀ ಮರದ ಹೊಟ್ಟು," ಅಂದ ನಮ್ಮ ಭಾವ, ಮೆಟ್ರೋ ಗಾರ್ಡ್‌ಗೆ. ಹಿಂದೆ ಸಾಲಲ್ಲಿ ನಿಂತವರಿಗೂ ಕೇಳಲಿ ಅಂತಲೇ ಗಂಟಲು ಎತ್ತಿ ಅಂದ. ಯಾರೋ ಕಿಸಕ್ಕನೆ ನಕ್ಕರು.

ಮೆಷಿನ್ನಿನಿಂದ ಹೊರಬಂದ ನನ್ನ ಚೀಲ ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಗಾರ್ಡ್ ಬಟ್ಟೆ ಬಿಚ್ಚಿ ಉಳಿಗಳನ್ನು ಸಾಲಾಗಿ ಇಟ್ಟ. ಐದು.

"ಹರಿತ ಸಾಮಾನು ಒಳಗೆ ಬಿಡಲ್ಲ."

"ಬಡಗಿ ಸಾರ್ ನಾನು. ಹತ್ತು ಗಂಟೆಗೆ ಕಾರ್ಖಾನೇಲಿ ಪರೀಕ್ಷೆ. ಮೊಳೆ ಹೊಡೀದೆ ಚೌಕಟ್ಟು ಕೂಡಿಸಿ ತೋರಿಸಬೇಕು. ನಮ್ಮ ಉಳಿ ನಾವೇ ತರಬೇಕಂತೆ."

"ಯಾರಾದರೂ ಆಗಿರು. ಇಲ್ಲೇ ಬಿಡು, ಇಲ್ಲಾ ಹೊರಗೆ ನಡಿ."

ಬಸ್ಸಲ್ಲಿ ಹೋಗೋಣ ಅಂದವನು ನಾನು. "ಹಳ್ಳಿಗುಗ್ಗು ಥರ ನೇತಾಡ್ತೀಯಾ? ಮೆಟ್ರೋ ತೋರಿಸ್ತೀನಿ ಬಾ" ಅಂದವನು ಈ ಭಾವ. ಹನ್ನೊಂದು ವರ್ಷದಿಂದ ಊಟದ ಡಬ್ಬಿ ಹಿಡಿದು ಇದರಲ್ಲೇ ಓಡಾಡುತ್ತಾನೆ. ನಿನ್ನೆ ಅವನ ಬಚ್ಚಲಲ್ಲೇ ಕೂತು ನಾನು ಉಳಿಗೆ ಸಾಣೆ ಹಿಡಿಯುತ್ತಿದ್ದರೆ, ಅಡುಗೆಮನೆ ಚಾಕೂ ತಂದು ಮುಂದಿಟ್ಟ. ಮೆಟ್ರೋದಲ್ಲಿ ಇವನ್ನು ಬಿಡಲ್ಲ ಅಂತ ಒಂದು ಮಾತು ಹೇಳಲಿಲ್ಲ. ಈಗ ತಪ್ಪೆಲ್ಲ ನನ್ನ ಏಳನೇ ಕ್ಲಾಸಿನ ತಲೆ ಮೇಲೆ.

"ಬಿಟ್ಟು ಬಾರೋ. ಅಲ್ಲಿ ಯಾರ ಹತ್ರನಾದ್ರೂ ಇಸ್ಕೊಂಡ್ರಾಯ್ತು. ಉಳಿ ಅಂದ್ರೆ ಉಳಿ ತಾನೆ?"

"ಯಾರ ಹತ್ರನಾದ್ರೂ ಹಲ್ಲುಜ್ಜೋ ಬ್ರಷ್ ಇಸ್ಕೊಳ್ತೀರಾ ಭಾವ?"

ಸಾಲು ಮತ್ತೆ ನಕ್ಕಿತು. ಈ ಸಲ ಅವನನ್ನು ನೋಡಿ. ಭಾವನ ಕಿವಿ ಕೆಂಪಗಾಯಿತು. ಮೊಣಕೈಯಿಂದ ಐದನ್ನೂ ಒಟ್ಟಿಗೆ ಗುಡಿಸಿ ಪಕ್ಕದ ಡಬ್ಬಕ್ಕೆ ಬೀಳಿಸಿದ. ಯಾರ್ಯಾರದೋ ಲೈಟರು, ಕತ್ತರಿಗಳ ಮೇಲೆ ನನ್ನ ಉಳಿ ಖಣಖಣ ಬಿದ್ದವು. "ಮುಗೀತು ಸಾರ್, ಹೋಗ್ತೀವಿ," ಅಂತ ನನ್ನ ರಟ್ಟೆ ಹಿಡಿದ.

ಕೊಡವಿಕೊಂಡು ಡಬ್ಬದೊಳಗೆ ಕೈ ಹಾಕಿದೆ. ಗಾರ್ಡ್ "ಏಯ್" ಅಂತ ಎದ್ದು ನಿಂತ. "ಹೊರಗೇ ಹೋಗ್ತಿದೀನಿ ಸಾರ್," ಅಂದೆ. ಅಗಲ ಉಳಿಯ ಅಲಗಿನಲ್ಲಿ ಸಾಸಿವೆಯಷ್ಟು ಚೂರು ಹಾರಿಹೋಗಿತ್ತು. ಮಿಕ್ಕ ನಾಲ್ಕು ಚೆನ್ನಾಗಿದ್ದವು. ಬಟ್ಟೆಯಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ಸುತ್ತಿದೆ. ಗೋಡೆ ಗಡಿಯಾರದಲ್ಲಿ ಎಂಟೂವರೆ.

"ಎಂಟು ಸ್ಟೇಷನ್ ದೂರ ಕಣೋ! ನಡ್ಕೊಂಡು ಹೋಗ್ತೀಯಾ? ಕೆಲಸ ಕೈತಪ್ಪಿದ್ರೆ ನನ್ನ ಮನೆ ಹೊಸ್ತಿಲು ತುಳಿಬೇಡ. ನಿಮ್ಮಕ್ಕನ ಹತ್ರ ಅಳಬೇಡ. ಕೇಳಿಸ್ತೇನೋ?"

ಕೇಳಿಸಿತು. ಚೀಲ ಹೆಗಲಿಗೆ ಹಾಕಿ, ಕೆಳಗಿಳಿದು ಬರುತ್ತಿದ್ದ ಜನರ ನಡುವೆ ದಾರಿ ಬಿಡಿಸಿಕೊಂಡು, ನೆಲದಡಿಯಿಂದ ರಸ್ತೆಗೆ ಹೋಗುವ ಮೆಟ್ಟಿಲು ಹತ್ತಿ ಬಸ್ ಸ್ಟಾಪಿನ ಕಡೆ ಹೊರಟೆ.