ಬೋರಲು ಹಾಕಿಟ್ಟ ಗಂಟೆ

ತಾತ ಸತ್ತುಹೋಗಿದ್ದಾನೆ ಎಂಬುದು ಗುಬ್ಬಿಗೆ ಗೊತ್ತಾದದ್ದು ಕಾಲೇಜಿನ ಗ್ರಂಥಾಲಯದಲ್ಲಿ, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ. ಅಂದು ಬೆಳಿಗ್ಗೆ ಊಟದ ಡಬ್ಬಿ ಮರೆತು ಬಸ್ಸು ಹತ್ತಿದವಳ ಹಿಂದೆ ಏದುಸಿರು ಬಿಡುತ್ತಾ ಓಡಿಬಂದು, ಕಿಟಕಿಯಿಂದ ಡಬ್ಬಿ ತೂರಿಸಿ, "ಮರೆಗುಳಿ, ನಿನ್ನ ಮದುವೆಗೆ ಹೋಗೋದನ್ನೂ ನೀನು ಮರೀತೀಯ" ಎಂದು ಬಸ್ಸಿಗೆಲ್ಲ ಕೇಳುವಂತೆ ಬೈದು ಕಳಿಸಿದವನು ಅದೇ ತಾತ.

ಪರದೆಯ ಮೇಲೆ ಅವನ ಹೆಸರಿತ್ತು, ಊರಿನ ಹೆಸರಿತ್ತು. ಅದರ ಕೆಳಗೆ ಹೀಗಿತ್ತು: 'ಈ ಭಾಗದ ದನದ ಗಂಟೆ ತಯಾರಕರಲ್ಲಿ ಕೊನೆಯವನು. ಜ್ವರದಿಂದ ನಿಧನ. ಮಾಹಿತಿ: ಮೃತನ ಹೆಂಡತಿ.' ಪಕ್ಕದಲ್ಲಿ ಒಂದು ಕಪ್ಪುಬಿಳುಪು ಚಿತ್ರ. ಕಂಕುಳಲ್ಲಿ ಮಗು, ಕೈಯಲ್ಲಿ ಗಂಟೆ ಹಿಡಿದು ನಿಂತ ಎಳೆಯ ಹೆಂಗಸು. ಆ ಗಲ್ಲ, ಆ ದಪ್ಪ ಹುಬ್ಬು, ಯಾರನ್ನೂ ನಂಬದವರ ಹಾಗೆ ಓರೆಯಾಗಿ ನೋಡುವ ಆ ನೋಟ. ಅಜ್ಜಿ.

"ಮೇಡಂ, ಸ್ವಲ್ಪ ಬನ್ನಿ ಇಲ್ಲಿ" ಎಂದಳು.

ಗ್ರಂಥಾಲಯದ ಮೇಡಂ ಕನ್ನಡಕ ಏರಿಸಿಕೊಂಡು ಬಂದರು. ಈ ಪುಟದ ದಾರಿ ತೋರಿಸಿಕೊಟ್ಟವರೇ ಅವರು. ಎರಡನೇ ವರ್ಷದ ಇತಿಹಾಸದ ಮಕ್ಕಳೆಲ್ಲ 'ಮರೆಯಾಗುತ್ತಿರುವ ಕಸುಬು' ಎಂಬ ವಿಷಯದ ಮೇಲೆ ವರದಿ ಬರೆಯಬೇಕಿತ್ತು. ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಬಾಚಿ ತರುತ್ತಿದ್ದ ಮಕ್ಕಳನ್ನು ಮೇಡಂ ಸಾಲಾಗಿ ಕೂರಿಸಿಕೊಂಡು, ಕಾಲೇಜು ಚಂದಾ ಕಟ್ಟಿ ತರಿಸುವ ಆನ್‌ಲೈನ್ ಭಂಡಾರವನ್ನು ತೆರೆದು ತೋರಿಸಿದ್ದರು. ಅದರಲ್ಲಿ ವಿಶ್ವಕೋಶಗಳಿದ್ದವು, ಹಳೆಯ ಪತ್ರಿಕೆಗಳಿದ್ದವು, ಚಿತ್ರಗಳಿದ್ದವು, ಹಳ್ಳಿಹಳ್ಳಿ ಸುತ್ತಿ ಯಾರೋ ಹಿಡಿದುತಂದ ಧ್ವನಿಗಳೂ ಇದ್ದವು. "ಒಂದೇ ಸಲ ಕೆರೆಗೆಲ್ಲ ಬಲೆ ಬೀಸಬೇಡ. ಮೊದಲು ಕಸುಬು ಅಂತ ಹಾಕು, ಆಮೇಲೆ ಊರು, ಆಮೇಲೆ ಕಾಲ. ಬೇಕಾದ ಮೀನು ತಾನೇ ಬರುತ್ತೆ" ಎಂದು ಗುಬ್ಬಿಗೆ ಹೇಳಿಕೊಟ್ಟಿದ್ದರು. ಮೀನು ಬಂದಿತ್ತು.

"ಇವರು ನಮ್ಮ ತಾತ, ಬದುಕಿದ್ದಾರೆ."

"ಯಾರು ಬದುಕಿದ್ದಾರೆ?" ಎಂದು ಓದುವ ಮೇಜಿನಿಂದ ಇತಿಹಾಸದ ಮೇಷ್ಟ್ರು ಕತ್ತು ಚಾಚಿದರು. ಎದ್ದು ಬಂದು ಓದಿದರು. ಮತ್ತೊಮ್ಮೆ ಓದಿದರು. ಗುಬ್ಬಿಯ ವರದಿಯ ಕರಡನ್ನು ಹಿಂದಿನ ವಾರವಷ್ಟೇ ನೋಡಿ ಅವರು ಮೆಚ್ಚಿಕೊಂಡಿದ್ದರು. ಅದರಲ್ಲೂ ತಾತ ಹೇಳಿದ ಒಂದು ಮಾತಿನ ಕೆಳಗೆ ಕೆಂಪು ಗೆರೆ ಎಳೆದು 'ಅಮೂಲ್ಯ' ಎಂದು ಬರೆದಿದ್ದರು. ಹೊಸ ಗಂಟೆಯನ್ನು ಒಂದು ರಾತ್ರಿ ಬೋರಲು ಹಾಕಿಟ್ಟರೆ ಅದರ ದನಿ ಹಣ್ಣಾಗುತ್ತದೆ ಎಂಬ ಮಾತು ಅದು. ಯಾವ ಪುಸ್ತಕದಲ್ಲೂ ಇಲ್ಲದ್ದು.

"ಸತ್ತವರ ಸಂದರ್ಶನ ಮಾಡ್ಕೊಂಡು ಬಂದಿದ್ದೀಯಲ್ಲಮ್ಮ! ಹಾಗೇ ಒಂದಿಬ್ಬರು ರಾಜರನ್ನೂ ಮಾತಾಡಿಸ್ಕೊಂಡು ಬಾ, ನನ್ನ ಪಾಠಕ್ಕಾಗುತ್ತೆ."

ಹಿಂದಿನ ಬೆಂಚಿನವರು ಕಿಸಕ್ಕೆಂದರು. ಗುಬ್ಬಿಯ ಕಣ್ಣು ತುಂಬಿದ್ದು ನೋಡಿ ಮೇಷ್ಟ್ರು ಮೆತ್ತಗಾದರು. "ನೀನು ಸುಳ್ಳು ಹೇಳ್ತಿದ್ದೀಯ ಅಂತ ನಾನಂದೆನೇ? ಆದರೆ ನೋಡು, ಇಲ್ಲಿ ಒಂದು ಬರೆದಿದೆ, ನಿನ್ನ ವರದೀಲಿ ಇನ್ನೊಂದಿದೆ. ಎರಡನ್ನೂ ಇಟ್ಕೊಂಡು ನಾನು ಅಂಕ ಕೊಡೋಕಾಗಲ್ಲ. ಸೋಮವಾರದೊಳಗೆ ಯಾವುದು ನಿಜ ಅಂತ ತಂದು ತೋರಿಸು."

"ಪುಟದವರಿಗೆ ತಿದ್ದಿ ಅಂತ ಬರೆದರೆ?"

ಮೇಡಂ ಪುಟದ ತಳಕ್ಕೆ ಇಳಿಸಿ ಓದಿದರು. "ಧ್ವನಿ ಕೊಟ್ಟವರೇ ಮತ್ತೆ ತಮ್ಮ ಧ್ವನೀಲಿ ಹೇಳಬೇಕಂತೆ. ಅಂದರೆ ನಿಮ್ಮಜ್ಜಿ." ಮತ್ತೆ ಪುಟದ ಮೇಲಕ್ಕೆ ಹೋಗಿ, "ಧ್ವನಿ ಇಲ್ಲೇ ಇದೆ, ಕೇಳ್ತೀಯಾ?" ಎಂದು ಇಯರ್‌ಫೋನ್ ಕೊಟ್ಟರು.

ಮೊದಲು ಗಾಳಿಯ ಸದ್ದು. ಆಮೇಲೆ ಗಂಡಸಿನ ದನಿ. "ಈ ಗಂಟೆ ಯಾರು ಮಾಡಿದ್ದಮ್ಮಾ?"

"ನಮ್ಮ ಯಜಮಾನ್ರು."

"ಅವರನ್ನ ಸ್ವಲ್ಪ ಕರೀತೀರಾ?"

"ಸತ್ತೋದ್ರು. ಹೋದ ಬೇಸಿಗೇಲಿ. ಜ್ವರ ಬಂತು, ಏಳಲೇ ಇಲ್ಲ. ನೀರು ಕೇಳಿದ್ರು, ನಾನು ಒಳಗೆ ಹೋಗಿ ತರೋದ್ರೊಳಗೆ..." ಮಾತು ಅಲ್ಲಿಗೆ ಕಟ್ಟಿತು. ಬಿಕ್ಕಿದ ಸದ್ದು. ಒಂದು ಮಗು ಕಾರಣವಿಲ್ಲದೆ ನಕ್ಕಿತು. ಆ ಮಗು ಅಪ್ಪನೇ ಇರಬೇಕು, ಈಗ ಹಾಲಿನ ವ್ಯಾನು ಓಡಿಸುವವನು. ಕೊನೆಗೆ ಗಂಟೆ ಬಾರಿಸಿದರು. ಮೆಲ್ಲಗೆ ಬಾರಿಸಿದರೂ ಅದರ ದನಿ ದೂರದೂರಕ್ಕೆ ನಡೆದುಹೋಗುವ ಹಾಗಿತ್ತು.

ಗುಬ್ಬಿ ಕಿವಿಯಿಂದ ಅದನ್ನು ಕಿತ್ತು ಮೇಜಿನ ಮೇಲಿಟ್ಟಳು. ಸ್ವಂತ ತಮ್ಮ ತೀರಿಕೊಂಡಾಗಲೂ ಕಣ್ಣಲ್ಲಿ ಒಂದು ಹನಿ ಹಾಕದ ಅಜ್ಜಿ, ಬದುಕಿರುವ ಗಂಡನಿಗಾಗಿ ಹೀಗೆ ಅತ್ತಿದ್ದಳು.

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳಿಗೆ ಯಾವ ನಿಲ್ದಾಣ ಬಂತು, ಯಾವುದು ಹೋಯಿತು ತಿಳಿಯಲಿಲ್ಲ. ಮೇಡಂ ಮನೆಯಿಂದಲೂ ತೆರೆಯಲು ಬರುವಂತೆ ಗುಪ್ತಪದ ಹಾಕಿಕೊಟ್ಟಿದ್ದರಿಂದ ಪುಟ ಅವಳ ಮೊಬೈಲಿನಲ್ಲಿತ್ತು. ಅದನ್ನು ಕೆಂಡ ಹಿಡಿದ ಹಾಗೆ ಹಿಡಿದು ಮನೆ ಹೊಕ್ಕಳು. ತಾತ ಹಿತ್ತಿಲ ಕುಲುಮೆಯಲ್ಲಿದ್ದ, ತಗಡು ಬಡಿಯುವ ಸದ್ದು ಕೇಳುತ್ತಿತ್ತು. ಅಜ್ಜಿ ಅಡಿಗೆಮನೆ ಹೊಸ್ತಿಲ ಬಳಿ ಕಾಲು ಚಾಚಿಕೊಂಡು ಸೊಪ್ಪು ಬಿಡಿಸುತ್ತಿದ್ದಳು.

"ಅಜ್ಜಿ, ತಾತ ಸತ್ತದ್ದು ಯಾವಾಗ?"

"ಥೂ, ಬಿಡ್ತು ಅನ್ನು! ಓದಿ ಓದಿ ತಲೆ ಕೆಟ್ಟಿತೇನೇ ನಿನಗೆ?"

ಗುಬ್ಬಿ ಮೊಬೈಲನ್ನು ಸೊಪ್ಪಿನ ಮೊರದಲ್ಲಿಟ್ಟು ಒತ್ತಿದಳು. ಗಾಳಿ ಬೀಸಿತು. ಗಂಡಸು ಕೇಳಿದ. ಹೆಂಗಸು ಹೇಳಿದಳು. ಅಜ್ಜಿ ಮೊದಲು ಯಾರ ಮನೆಯ ಸುದ್ದಿಯೋ ಎಂಬಂತೆ ಕಿವಿಗೊಟ್ಟಳು. 'ನೀರು ಕೇಳಿದ್ರು' ಎಂಬಲ್ಲಿಗೆ ಬರುವಾಗ ಕೈಯಲ್ಲಿದ್ದ ದಂಟು ಮುರಿಯಿತು.

"ನಿಲ್ಲಿಸೇ. ಅದನ್ನ ನಿಲ್ಲಿಸು."

ಗುಬ್ಬಿ ತಡವರಿಸುವಷ್ಟರಲ್ಲಿ ಮೊರದಿಂದ ಗಂಟೆ ಮೊಳಗಿತು. ಹಿತ್ತಿಲ ಸುತ್ತಿಗೆ ನಿಂತಿತು. ಬಾಗಿಲಲ್ಲಿ ತಾತ, ಮಸಿ ಕೈ, ಹಣೆಯ ಮೇಲೆ ಬೆವರು.

"ನನ್ನ ಗಂಟೆ ಯಾರು ಬಾರಿಸಿದ್ದು?"

ಅವನು ಮೊರದತ್ತ ಬಗ್ಗಿದ. "ಓ, ಇದರೊಳಗಾ? ಇನ್ನೊಂದ್ಸಲ ಹಾಕು, ಕೇಳೋಣ."

"ಬೇಡ" ಎಂದಳು ಅಜ್ಜಿ. ತಾತ ಆಗಲೇ ಮಸಿ ಬೆರಳು ಒತ್ತಿಯಾಗಿತ್ತು. ಧ್ವನಿ ಮೊದಲಿನಿಂದ ಶುರುವಾಯಿತು.

ತನ್ನ ಸಾವಿನ ಸುದ್ದಿಯನ್ನು ತಾತ ನಿಂತೇ ಕೇಳಿದ. ನಗಲಿಲ್ಲ, ಬೈಯಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದ ಕೈ ಮಾತ್ರ ಬಿಗಿಯಾಗುತ್ತಾ ಹೋಯಿತು. ಮೊಬೈಲಿನ ದನಿ ಬಿಕ್ಕಿದಾಗ ಕಣ್ಣು ಮುಚ್ಚಿಕೊಂಡ. ಗಂಟೆ ಮೊಳಗಿ ನಿಂತಮೇಲೆ ಅಲ್ಲೇ ನೆಲಕ್ಕೆ ಕುಸಿದು ಕೂತ.

"ಅದು ಸರಿಯೇ" ಎಂದ. "ಆಗ ನಾನು ಸತ್ತ ಹಾಗೇ ಇದ್ದೆ."

ಗುಬ್ಬಿಗೆ ಇದುವರೆಗೆ ಯಾರೂ ಹೇಳದಿದ್ದ ಮಾತು ಆಗ ಹೊರಬಿತ್ತು. ಮಗು ಹುಟ್ಟಿದ ಹೊಸತರಲ್ಲಿ ತಾತ ಕೊಳವೆಬಾವಿ ಕೊರೆಯುವ ಲಾರಿಯವರ ಜೊತೆ ಹೊರಟುಹೋಗಿದ್ದ. ಒಂದು ತಿಂಗಳೆಂದು ಹೋದವನು ಮೂರು ಬೇಸಿಗೆ ಕಳೆದ ಮೇಲೆ ಬಂದ. ಯಾಕೆ ಹೋದೆ ಎಂದು ಅಜ್ಜಿ ಕೇಳಲಿಲ್ಲ, ಕೈಗೆ ಸುತ್ತಿಗೆ ಕೊಟ್ಟಳು. ಅವಳು ಕಾಯುತ್ತಿದ್ದಳು ಎಂದೇ ಅವನು ಇಷ್ಟು ವರ್ಷ ನಂಬಿಕೊಂಡಿದ್ದ.

"ಆದರೆ ಗಂಟೆ?" ತಾತ ತಲೆ ಎತ್ತಿದ. "ಗುಬ್ಬಿ, ಇದು ಯಾವ ಕಾಲದ್ದು ಅಂತ ಬರೆದಿದೆ?"

"ಅಪ್ಪ ಹುಟ್ಟಿದ ಮಾರನೇ ವರ್ಷದ್ದು."

"ಸುಳ್ಳು! ಆಗ ನನ್ನ ಕೈಯಲ್ಲಿ ಈ ದನಿ ಇರಲಿಲ್ಲ. ಆಗಿನ ನನ್ನ ಗಂಟೆ ಡಣ್ ಅಂತ ಹತ್ತಿರವೇ ಬಿದ್ದುಹೋಗ್ತಿತ್ತು. ಈ ದನಿ ಬಂದಿದ್ದು ಈಚೆಗೆ, ಕಣ್ಣು ಮಂಜಾದ ಮೇಲೆ. ವಯಸ್ಸಾದ ಹಾಗೆ ಕೈ ಪಳಗಿತು ಅಂತ..." ಅವನು ಹೆಂಡತಿಯ ಕಡೆ ತಿರುಗಿದ. "ಈಗಿನ ದನಿ ಆಗ ಎಲ್ಲಿಂದ ಬಂತೇ?"

ಅಜ್ಜಿ ಮೊರದ ಸೊಪ್ಪನ್ನೇ ನೋಡುತ್ತಿದ್ದಳು.

"ನಿನ್ನನ್ನೇ ಕೇಳ್ತಿರೋದು."

"ಮಗೂಗೆ ಹಾಲು ಬೇಡ್ವಾ?" ಎಂದಳು ಅಜ್ಜಿ, ಜಗಳಕ್ಕೆ ನಿಂತವಳ ಹಾಗೆ. "ಓಡಿಹೋದವನ ಹೆಂಡ್ತಿ ಬಡಿದ ಗಂಟೆ ಅಂದ್ರೆ ಯಾವ ದನದ ಕೊರಳಿಗೆ ಕಟ್ತಿದ್ರು? ಸತ್ತವರ ಕೈಯ ಕೊನೇ ಗಂಟೆ ಅಂದ್ರೆ ದೂರದ ಸಂತೇಲಿ ಹುಡುಕ್ಕೊಂಡು ಬರ್ತಿದ್ರು. ಆ ಮೆಷಿನ್ ಹಿಡ್ಕೊಂಡು ಬಂದವನಿಗೂ ಅದನ್ನೇ ಹೇಳ್ದೆ, ಬಾಯಿಪಾಠ ಆಗಿತ್ತು."

"ಎಷ್ಟು ಕೊನೇ ಗಂಟೆ ಮಾರಿದೆ?"

"ಯಾರಿಗ್ಗೊತ್ತು! ಮಾಡಿದ್ದೆಲ್ಲಾ ಕೊನೇದೇ."

"ಅಳು? ಅದೂ ಬಾಯಿಪಾಠವಾ?"

ಅಜ್ಜಿ ಮುರಿದ ದಂಟನ್ನು ಮೊರದಿಂದ ಆಯ್ದು ಪಕ್ಕಕ್ಕಿಟ್ಟಳು. ತಾತ ಒತ್ತಿ ಕೇಳಲಿಲ್ಲ. ಗುಬ್ಬಿಗೆ ಮಾತ್ರ ಬೇರೊಂದು ಅನುಮಾನ ಕೊರೆಯತೊಡಗಿತ್ತು.

"ಅಜ್ಜಿ, ಹಾಗಾದರೆ ಈಗಿನವು?"

ತಾತ ಮಧ್ಯಾಹ್ನ ಉಂಡು ಮಲಗುತ್ತಿದ್ದ. ತಗಡಿನ ಗಂಟೆಗೆ ಮಣ್ಣು ಮೆತ್ತಿ ಸುಡುತ್ತಿದ್ದರು; ಕುಲುಮೆಯಿಂದ ತೆಗೆದ ಮೇಲೆ ಆ ಸುಟ್ಟ ಮಣ್ಣನ್ನು ಒಡೆಯುವುದು ಅಜ್ಜಿಯ ಪಾಲಿನ ಕೆಲಸ. ಆ ಹೊತ್ತಿನಲ್ಲಿ ಹಿತ್ತಿಲಿಂದ ಟಕಟಕ ಕೇಳಿದರೆ ಮನೆಯಲ್ಲಿ ಯಾರೂ ಕಿವಿ ನಿಮಿರಿಸುತ್ತಿರಲಿಲ್ಲ.

"ಬಾಯಂಚು ಒಂದು ಕಡೆ ಚೂರು ಒಳಕ್ಕೆ ತಗೊಂಡ್ರೆ ಆಯ್ತು" ಎಂದಳು ಅಜ್ಜಿ ಮೆಲ್ಲಗೆ. "ಇವರದು ಗುಡ್ಡದಾಚೆ ಕೇಳ್ತಿರಲಿಲ್ಲ. ಕೊಂಡವರು ವಾಪಸ್ ತರೋಕೆ ಶುರು ಮಾಡಿದ್ರು. ಇವರಿಗೆ ಹೇಳಿದ್ರೆ ಮುಖ ಸಣ್ಣಗಾಗುತ್ತೆ ಅಂತ..."

"ನಾನು ಅಲ್ಲೇ ಮಲಗಿರ್ತಿದ್ದೆನಲ್ಲೇ! ಒಂದು ದಿನವೂ ಕೇಳಿಸಲಿಲ್ಲ?"

"ನಿಮ್ಮ ಗೊರಕೇಲಿ ಊರಿಗೆ ಬೆಂಕಿ ಬಿದ್ರೂ ಕೇಳಲ್ಲ."

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ಗುಬ್ಬಿ ಚೀಲದಿಂದ ಕರಡು ತೆಗೆದು, ಕೆಂಪು ಗೆರೆಯ ಜಾಗದ ಮೇಲೆ ಬೆರಳಿಟ್ಟುಕೊಂಡು ಕೂತಳು. ಒಂದು ರಾತ್ರಿ ಬೋರಲು ಹಾಕಿಟ್ಟರೆ ದನಿ ಹಣ್ಣಾಗುತ್ತದೆ. ಹಣ್ಣು ಮಾಡುತ್ತಿದ್ದದ್ದು ರಾತ್ರಿಯಲ್ಲ. ಈ ಮಾತನ್ನು ಸಂತೆಯಲ್ಲಿ ಹತ್ತು ಜನರಿಗೆ ಉಪದೇಶ ಮಾಡಿದ್ದ ತಾತ, ಅಂಗಿ ತೋಳಿನಿಂದ ಮುಖ ಒರೆಸಿಕೊಂಡು ಎದ್ದು ಹೋದ. ಒರೆಸಿದ ಕಡೆ ಮಸಿ ಇನ್ನಷ್ಟು ಹರಡಿತ್ತು. ಅಂದು ಅವನು ಊಟಕ್ಕೆ ಬರಲಿಲ್ಲ. ಅಜ್ಜಿಯೂ ತಟ್ಟೆ ಹಾಕಿಕೊಳ್ಳಲಿಲ್ಲ.

ಮರುದಿನ ಭಾನುವಾರ. ಅಜ್ಜಿಯ ದನಿಯಲ್ಲೇ ಹೇಳಿಸಿ ಕಳಿಸಿದರೆ ಮಾತ್ರ ಪುಟ ತಿದ್ದುತ್ತಾರೆ ಎಂದು ಗುಬ್ಬಿ ರಾತ್ರಿಯೇ ಇಬ್ಬರಿಗೂ ಹೇಳಿದ್ದಳು. ಸೋಮವಾರ ಕೊಡಬೇಕಾದ ವರದಿಯನ್ನು ಮುಂದಿಟ್ಟುಕೊಂಡು ಗುಬ್ಬಿ ಬೆಳಗೆಲ್ಲ ಕೂತಳು. ತಾತ ಬದುಕಿದ್ದಾನೆ ಎಂದಷ್ಟೇ ಅಜ್ಜಿಯ ಬಾಯಲ್ಲಿ ಹೇಳಿಸಿ ಕಳಿಸಿದರೆ ಪುಟ ತಿದ್ದಿಹೋಗುತ್ತದೆ, ವರದಿ ಉಳಿಯುತ್ತದೆ, ತಾತನ ಹೆಸರೂ ಉಳಿಯುತ್ತದೆ. ಆದರೆ ಆ ಗಂಟೆಯ ದನಿ ಆ ಹೆಸರಿನ ಕೆಳಗೇ ಇರುತ್ತದೆ, ಇನ್ನೆಷ್ಟೋ ಕಾಲೇಜಿನ ಮಕ್ಕಳು ಅದನ್ನು ತೆರೆದು ಕೇಳಿ ಅವನದೆಂದೇ ಬರೆದುಕೊಳ್ಳುತ್ತಾರೆ. ಪೂರ್ತಿ ಹೇಳಿಸಲು ತಾತನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಮಧ್ಯಾಹ್ನ ಅಪ್ಪ ಅಮ್ಮ ಉಂಡು ಒಳಗೆ ಅಡ್ಡಾದರು. ತಾತ ಮಲಗಲಿಲ್ಲ. ಕುಲುಮೆಗೆ ಹೋಗಿ ತಗಡು ಬಡಿಯುವ ಅಡೆಗಲ್ಲಿನ ಮುಂದೆ ಕೂತು ಒಂದು ಗಂಟೆ ಬಡಿದ, ಬಾರಿಸಿದ. ಡಣ್ ಎಂದು ದನಿ ಕಾಲ ಬುಡಕ್ಕೇ ಬಿತ್ತು. ಮತ್ತೆ ಬಡಿದ, ಮತ್ತೆ ಬಾರಿಸಿದ. ಅದೇ ದನಿ.

"ಇವಳೇ! ಬಾ ಇಲ್ಲಿ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೋದಳು. ಗುಬ್ಬಿ ಹಿಂದೆಯೇ ಹೋದಳು. ತಾತ ಮಣೆ ಬಿಟ್ಟು ಎದ್ದು ಪಕ್ಕದ ನೆಲದಲ್ಲಿ ಕೂತ. ಅವನು ಅಲ್ಲಿ ಕೂತದ್ದನ್ನು ಗುಬ್ಬಿ ಯಾವತ್ತೂ ಕಂಡಿರಲಿಲ್ಲ.

"ಹೊಡಿ. ನನ್ನ ಕಣ್ಣೆದುರು ಹೊಡಿ."

ಅಜ್ಜಿ ಮಣೆಯ ಮೇಲೆ ಕೂತಳು. ಗಂಟೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು, ಅಂಚು ಸವರಿದಳು, ಸಣ್ಣ ಸುತ್ತಿಗೆಯಿಂದ ಎರಡೇ ಪೆಟ್ಟು. ಬಾರಿಸಿದಳು. ಭಂಡಾರದಲ್ಲಿದ್ದ ಅದೇ ದನಿ, ಹಿತ್ತಿಲು ದಾಟಿ, ಬೇಲಿ ದಾಟಿ ನಡೆಯಿತು.

ತಾತ ಬಾಯಿ ತೆರೆದುಕೊಂಡೇ ಕೂತಿದ್ದ. ಗಂಟೆಯನ್ನು ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. "ಇಷ್ಟೇನಾ?" ಎಂದ. "ಇಷ್ಟಕ್ಕೇನಾ?" ಆಮೇಲೆ ಮೊಮ್ಮಗಳ ಕಡೆ ನೋಡದೆಯೇ ಹೇಳಿದ. "ಅದೇನೋ ಹೇಳಿಸಬೇಕಿತ್ತಲ್ಲ ನಿನಗೆ. ಹೇಳಿಸು."

ಗುಬ್ಬಿ ಮೊಬೈಲನ್ನು ಅಡೆಗಲ್ಲಿನ ಮೇಲಿಟ್ಟು ಒತ್ತಿದಳು. "ಅಜ್ಜಿ, ತಾತ ಎಲ್ಲಿ?"

"ಇಲ್ಲೇ ಕೂತವ್ರೆ. ಬದುಕಿದ್ದಾರೆ. ಅವತ್ತು ನಾನು ಹೇಳಿದ್ದು ಸುಳ್ಳು."

"ಈ ಗಂಟೆ ಯಾರು ಮಾಡಿದ್ದು?"

ಬಾಯಿಪಾಠವಾಗಿದ್ದ ಮಾತು ನಾಲಿಗೆಯ ತುದಿಗೆ ಬಂದು ನಿಂತದ್ದು ಅಜ್ಜಿಯ ಮುಖದಲ್ಲೇ ಕಾಣುತ್ತಿತ್ತು. ಅವಳು ಗಂಡನನ್ನು ನೋಡಿದಳು. ಅವನು ಗಂಟೆಯನ್ನು ಅವಳ ಮಡಿಲಿಗೆ ಇಟ್ಟ.

"ನಾನು" ಎಂದಳು ಅಜ್ಜಿ.

ಹೇಳಿದವಳು ತಾನಲ್ಲ, ಯಾರೋ ಬೇರೆಯವರು ಎಂಬಂತೆ ಬೆಚ್ಚಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮೊಬೈಲಿನ ಕಡೆ ನೋಡಿದಳು.

"ಇನ್ನೂ ಸ್ವಲ್ಪ ಜೋರಾಗಿ ಹೇಳೇ" ಎಂದ ತಾತ. "ಗುಡ್ಡದಾಚೆಗೆ ಕೇಳಬೇಡ್ವಾ?"